ಒಂದು ಕ್ಲಿಕ್ ಮೇಲೆ, ಒಂದು ಕ್ಲಿಕ್ ಕೆಳಗೆ

ಬೀಗ ತೆಗೆಯುವಾಗಲೇ ಅವಳಿಗೆ ಗೊತ್ತಿತ್ತು, ಇವತ್ತೂ ತಾನು ಹೇಳುವುದಿಲ್ಲ. ಇಪ್ಪತ್ತಮೂರು ದಿನದಿಂದ ಇದೇ ಪಾಡು. ಮನೆ ಬಿಡುವಾಗ ಮಾತು ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಅದಕ್ಕೊಂದು ಆರಂಭ ಹುಡುಕುತ್ತಿದ್ದಳು. ಮೇಷ್ಟ್ರೇ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು. ಮೇಷ್ಟ್ರೇ, ಆ ದಿನದ್ದು. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಬೇಜಾರು ಮಾಡಿಕೊಳ್ಳಬೇಡಿ ಎನ್ನುವುದಕ್ಕೆ ತಾನು ಯಾವ ಮಹಾರಾಣಿ ಎಂದು ಅಲ್ಲಿಗೇ ನಾಚಿಕೆಯಾಗಿ, ಪಕ್ಕದಲ್ಲಿ ಕೂತವರು ಕೇಳಿಸಿಕೊಂಡರೇನೋ ಎಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ವರ್ಕ್‌ಶಾಪಿನ ಬೀದಿಗೆ ತಿರುಗುವ ಹೊತ್ತಿಗೆ ಆ ಮಾತುಗಳೆಲ್ಲ ಯಾರೋ ಬೇರೆಯವರು ಆಡಬೇಕಾದವು ಎನ್ನಿಸುತ್ತಿತ್ತು, ಷಟರ್ ಎತ್ತುವ ಸದ್ದಿನಲ್ಲಿ ಮುಗಿದೇ ಹೋಗುತ್ತಿದ್ದವು. ಆದರೆ ಇವತ್ತು ಕೊನೆಯ ದಿನ. ಸಂಜೆ ಮೇಷ್ಟ್ರು ಕೆಲಸ ಬಿಟ್ಟು ಹೋಗುತ್ತಾರೆ. ಇವತ್ತು ಹೇಳದಿದ್ದರೆ ಇನ್ನು ಹೇಳುವ ಪ್ರಸಂಗವೇ ಬರುವುದಿಲ್ಲ ಎಂಬುದು ತನಗೆ ಹೆದರಿಕೆಯೋ ಸಮಾಧಾನವೋ ಎಂದು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಒಳಗೆ ಹೋಗಿ ಫ್ಯಾನ್ ಹಾಕಿದಳು.

ಮೇಜಿನ ಮೇಲೆ ಅವಳ ಡಬ್ಬಿ ಇತ್ತು. ನಿಜಕ್ಕೂ ಡಬ್ಬಿಯೇ, ಒಂದು ಕಾಲಕ್ಕೆ ಅವಳು ಊಟ ತರುತ್ತಿದ್ದ ನೀಲಿ ಪ್ಲಾಸ್ಟಿಕ್ಕಿನದು. ಆಸ್ಪತ್ರೆಗಳ, ಲ್ಯಾಬುಗಳ ಕೆಟ್ಟ ಯಂತ್ರ ರಿಪೇರಿ ಮಾಡುವ ಈ ವರ್ಕ್‌ಶಾಪಿನಲ್ಲಿ ಹಿಂದೆ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ ಪವರ್ ಸಪ್ಲೈ ಒಂದಿತ್ತು. ಬಿಚ್ಚಿಟ್ಟ ಬೋರ್ಡುಗಳಿಗೆ ಅಳೆದು ಕರೆಂಟು ಕೊಡುವುದು ಅದರ ಕೆಲಸ. ಎರಡು ವರ್ಷದ ಹಿಂದೆ ಅದು ಕಣ್ಣು ಮುಚ್ಚಿದಾಗ ಯಜಮಾನ "ನೋಡೋಣ" ಅಂದ. "ಇವನ ನೋಡೋಣಕ್ಕೆ ಕಣ್ಣೇ ಇಲ್ಲ" ಎಂದು ಮೇಷ್ಟ್ರು ನಕ್ಕಿದ್ದರು. ಆಗ ಅವಳು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬಕ್ ಕನ್ವರ್ಟರ್ ಮಾಡ್ಯೂಲೊಂದನ್ನು ತರಿಸಿ, ಡಬ್ಬಿಯ ಮುಚ್ಚಳ ಕೊರೆದು ಕೂರಿಸಿದಳು. ಹೆಚ್ಚು ವೋಲ್ಟೇಜನ್ನು ಒಳಗೆ ತೆಗೆದುಕೊಂಡು ಬೇಕಾದಷ್ಟಕ್ಕೆ ಇಳಿಸಿ ಕೊಡುವ ಸಾಧನ ಅದು. ಹಿಂದಿನಿಂದ ಸತ್ತ ಲ್ಯಾಪ್‌ಟಾಪೊಂದರ ಅಡಾಪ್ಟರು ಹತ್ತೊಂಬತ್ತು ವೋಲ್ಟು ಸುರಿಯುತ್ತದೆ, ಮುಂದೆ ಕೆಂಪು ಕಪ್ಪು ವೈರುಗಳಲ್ಲಿ ಐದು ಬೇಕೆಂದರೆ ಐದು, ಹನ್ನೆರಡು ಬೇಕೆಂದರೆ ಹನ್ನೆರಡು. ಪುಟ್ಟ ಪರದೆಯಲ್ಲಿ ನಾಲ್ಕು ಅಂಕಿ, 05.00 ಎಂದು. ಅದರಲ್ಲಿ ಒಂದು ಅಂಕಿಯ ಕೆಳಗೆ ಸಣ್ಣ ಗೆರೆ. ಗುಂಡಿ ತಿರುಗಿಸಿದರೆ ಗೆರೆಯಿದ್ದ ಅಂಕಿ ಮಾತ್ರ ಬದಲಾಗುತ್ತದೆ, ಗುಂಡಿ ಒತ್ತಿದರೆ ಗೆರೆ ಮುಂದಿನ ಅಂಕಿಗೆ ಹೋಗುತ್ತದೆ, ಕೊನೆಯ ಅಂಕಿಯಲ್ಲಿದ್ದಾಗ ಒತ್ತಿದರೆ ಮತ್ತೆ ಮೊದಲಿಗೇ ಬರುತ್ತದೆ. ಪರದೆಯ ಇನ್ನೊಂದು ಪುಟದಲ್ಲಿ ಕರೆಂಟಿನ ಮಿತಿ, ಇಷ್ಟಕ್ಕಿಂತ ಹೆಚ್ಚು ಹರಿಯಬೇಡ ಎಂದು ಕಟ್ಟುವ ಕಡಿವಾಣ. ಯಜಮಾನ ನೋಡಿ "ಭೇಷ್, ನಿನ್ನ ಡಬ್ಬಿ!" ಅಂದಿದ್ದ. ಆ ಮಾತನ್ನು ಅವಳು ಮನೆಗೆ ಹೋಗಿ ಎರಡು ಸಲ ಹೇಳಿದ್ದಳು.

ನಿಯಮ ಮಾಡಿದವರು ಮೇಷ್ಟ್ರು. ಯಾರೇ ಬಳಸಲಿ, ಏಳುವ ಮೊದಲು ಐದಕ್ಕೆ ತರಬೇಕು, ಮಿತಿ ಅರ್ಧ ಆಂಪಿಯರಿಗೆ, ಗೆರೆ ಕೊನೆಯ ಅಂಕಿಗೆ. ಆಮೇಲೆ ಬಂದು ಕೂತವರು ಕೆಲಸಕ್ಕೆ ಮೊದಲು ಗುಂಡಿಯನ್ನು ಒಂದು ಕ್ಲಿಕ್ ಮೇಲೆ, ಒಂದು ಕ್ಲಿಕ್ ಕೆಳಗೆ ಮಾಡಬೇಕು. 5.01, ಮತ್ತೆ 5.00. ಅಗ್ಗದ ಗುಂಡಿ, ಒಮ್ಮೊಮ್ಮೆ ಕಿವುಡಾಗುತ್ತದೆ, ನಮ್ಮ ಮಾತು ಕೇಳಿಸುತ್ತಿದೆಯೋ ಇಲ್ಲವೋ ಮೊದಲೇ ತಿಳಿದಿರಬೇಕು. "ಮನೆಗೆ ಬಂದೋರನ್ನ ಮಾತಾಡಿಸಲ್ವಾ, ಹಾಗೆ" ಅನ್ನುತ್ತಿದ್ದರು. ನಲವತ್ತು ವರ್ಷ ಕೈಯಲ್ಲಿ ಸೋಲ್ಡರಿಂಗಿನ ಬೆಸುಗೆ ಕಡ್ಡಿ ಹಿಡಿದವರು. ಸತ್ತ ಯಂತ್ರ ಅವರು ಮುಚ್ಚಳ ತೆಗೆದ ಕೂಡಲೇ ಅರ್ಧ ಎದ್ದು ಕೂರುತ್ತದೆ ಎಂದು ಆಸ್ಪತ್ರೆಯವರೇ ಹೇಳಿ ಹೇಳಿ ಅವರಿಗೆ ಕೈಗುಣದ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಎರಡು ವರ್ಷದಿಂದ ಬಲಗೈಯಲ್ಲಿ ಸಣ್ಣ ನಡುಕ ಬಂದಿದ್ದು ನಿಜ. ಚಹಾದ ಲೋಟ ತುಟಿಗೆ ಹೋಗುವಷ್ಟರಲ್ಲಿ ಒಂದು ಹನಿ ಚೆಲ್ಲುತ್ತಿತ್ತು. ಆದರೆ ಕಡ್ಡಿಯ ತುದಿ ಬೋರ್ಡಿಗೆ ತಾಗಿದ ಕ್ಷಣ ಆ ನಡುಕ ನಿಂತುಹೋಗುತ್ತಿತ್ತು. ಅದನ್ನು ಹತ್ತಿರದಿಂದ ನೋಡಿ ಬಲ್ಲವಳು ಅವಳೊಬ್ಬಳೇ.

ಒಂಬತ್ತೂಕಾಲಿಗೆ ಮೇಷ್ಟ್ರು ಬಂದರು. ಹಿಂದಿನಂತೆ ನೇರ ಮೇಜಿನ ಹತ್ತಿರ ಬರದೆ ಬಾಗಿಲ ಬಳಿಯ ಕೌಂಟರಿನಲ್ಲೇ ಕೂತರು. ಬಂದ ಯಂತ್ರಗಳಿಗೆ ರಸೀದಿ ಬರೆಯುವುದು ಈಗ ಅವರ ಕೆಲಸ. ಯಜಮಾನ ಹಾಕಿದ್ದಲ್ಲ, ತಾವೇ ಕೇಳಿ ಪಡೆದದ್ದು. ಬರೆಯುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು, ಹಟಮಾರಿ ಮಗುವಿನ ರಟ್ಟೆ ಹಿಡಿದು ಶಾಲೆಗೆ ಕರೆದೊಯ್ಯುವವರಂತೆ. ಮೊದಲು ಹೀಗೆ ಹಿಡಿದುಕೊಳ್ಳುತ್ತಿರಲಿಲ್ಲ. ಮೊದಲು ನಡುಗಿದರೆ ನಡುಗಲಿ ಬಿಡು ಎಂಬ ಉಡಾಫೆ ಇತ್ತು.

"ಏನಮ್ಮಾ, ಬೇಗ ಬಂದ್ಬಿಟ್ಟಿದೀಯ."

"ಇಲ್ಲ ಮೇಷ್ಟ್ರೇ, ಈಗ ತಾನೇ."

"ಸಾಮಾನೆಲ್ಲ ಸಂಜೆ ಕೊಡ್ತೀನಿ. ಚಿಮಟ ಯಾರಿಗೂ ಕೊಡ್ಬೇಡ ಆಯ್ತಾ? ಅದು ನಿನಗೇ ಅಂತ ಇಟ್ಟಿದೀನಿ."

ಅವಳು ಆಯಿತು ಅಂದಳು. ಬೇಗ ಬಂದುಬಿಟ್ಟಿದ್ದೀಯ ಎಂಬ ಮಾತು ಅವರ ಬಾಯಲ್ಲಿ ಏನೂ ಅಲ್ಲ, ಅವಳ ಕಿವಿಗೆ ಮಾತ್ರ ಕಾದ ಕಡ್ಡಿ ತಾಗಿದಂತಾಯಿತು. ಆ ದಿನವೂ ಬೇಗ ಬಂದಿದ್ದಳು, ಏಳು ಗಂಟೆಗೇ, ಚೀಲದಲ್ಲಿ ಮನೆಯ ಎಮರ್ಜೆನ್ಸಿ ದೀಪದ ಬ್ಯಾಟರಿ ಇಟ್ಟುಕೊಂಡು. ಕರೆಂಟು ಹೋದರೆ ಅತ್ತೆಗೆ ಎದೆ ಡವಗುಟ್ಟುತ್ತದೆ, ದೀಪದ ಚಾರ್ಜರು ಸತ್ತು ವಾರವಾಗಿತ್ತು. "ಊರಿನ ಯಂತ್ರನೆಲ್ಲ ರಿಪೇರಿ ಮಾಡ್ತಾಳಂತೆ, ಮನೆ ದೀಪ ಹತ್ಸೋಕೆ ಮುಹೂರ್ತ ಬಂದಿಲ್ಲ" ಎಂದು ಅತ್ತೆ ಗೋಡೆಗೆ ಹೇಳುವಂತೆ ಹೇಳಿದ್ದರು, ಗಂಡ ನಕ್ಕಿದ್ದ. ಅವನು ನಗದಿದ್ದರೆ ಅವಳು ಬ್ಯಾಟರಿ ತರುತ್ತಿರಲಿಲ್ಲ, ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದಾಳೆ. ತಪ್ಪನ್ನು ಒಂದಿಷ್ಟು ಅವನ ಹೆಗಲಿಗೆ, ಒಂದಿಷ್ಟು ಅತ್ತೆಯ ಹೆಗಲಿಗೆ ಹೊರಿಸಿ ನೋಡಿದ್ದಾಳೆ, ನಿಂತಿಲ್ಲ. ಮನೆಯ ಕೆಲಸ ಇಲ್ಲಿ ಮಾಡಕೂಡದು ಎಂದು ಯಜಮಾನ ಬರೆಸಿ ಹಾಕಿದ ಬೋರ್ಡಿನ ಕೆಳಗೇ ಕೂತು, ಡಬ್ಬಿಯನ್ನು 13.80ಕ್ಕೆ ಏರಿಸಿ, ಮಿತಿಯನ್ನು ಎರಡು ಆಂಪಿಯರಿಗೆ ಸಡಿಲಿಸಿ ಬ್ಯಾಟರಿ ಚಾರ್ಜಿಗೆ ಹಾಕಿದ್ದಳು. ಮೇಷ್ಟ್ರ ಚಪ್ಪಲಿಯ ಸದ್ದು ದಿನಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಕೇಳಿತು. ಬ್ಯಾಟರಿಯನ್ನು ಕಿತ್ತು ಚೀಲಕ್ಕೆ ತುರುಕಿ, ಮೂರನ್ನು ಐದು ಮಾಡಿದಳು, ಎಂಟನ್ನು ಸೊನ್ನೆ ಮಾಡಿದಳು, ಕೊನೆಗೆ ಮೊದಲ ಅಂಕಿಯ ಒಂದನ್ನು ಸೊನ್ನೆ ಮಾಡಿದಳು. 05.00. ನೋಡುವವರಿಗೆ ಎಲ್ಲ ಸರಿ. ಗೆರೆ ಮೊದಲ ಅಂಕಿಯ ಕೆಳಗೇ ಉಳಿಯಿತು, ಮಿತಿ ಎರಡರಲ್ಲೇ ಉಳಿಯಿತು, ಅವಳು ಎದ್ದು ಚಹಾದ ಲೋಟ ತೊಳೆಯಲು ಹೋದಳು.

ಮೇಷ್ಟ್ರು ಬೇಗ ಬಂದದ್ದು ಕಿವಿ ಪರೀಕ್ಷೆಯ ಯಂತ್ರದ ಬೋರ್ಡಿಗಾಗಿ. ಮಕ್ಕಳಿಗೆ ಎಷ್ಟು ಕೇಳಿಸುತ್ತದೆ ಎಂದು ನೋಡುವ ಹಳೆಯ ಯಂತ್ರ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಹನ್ನೊಂದು ದಿನ ಕೂದಲೆಳೆಯಂಥ ತಂತಿಗಳಲ್ಲಿ ಅದಕ್ಕೆ ಮರುಜೀವ ಹೊಲಿದಿದ್ದರು. ಕೆಂಪು ವೈರು, ಕಪ್ಪು ವೈರು ಸಿಕ್ಕಿಸಿ, "ಬಾಮ್ಮಾ, ಮಾತಾಡಿಸೋಣ" ಎಂದು ಅವಳನ್ನು ಕರೆದು, ಕಣ್ಣನ್ನು ಬೋರ್ಡಿನ ಮೇಲೆ ನೆಟ್ಟು, ಕೈಯನ್ನು ಅಭ್ಯಾಸಬಲದಿಂದ ಗುಂಡಿಗೆ ಹಾಕಿದರು. ಒಂದು ಕ್ಲಿಕ್ ಮೇಲೆ. ಒಂದು ಕ್ಲಿಕ್ ಕೆಳಗೆ. ಐದೇ ವೋಲ್ಟು ತಾಳುವ ಬೋರ್ಡಿಗೆ ಐದು ಹದಿನೈದಾಗಿ ಐದಾಯಿತು. ಅಷ್ಟೇ ಹೊತ್ತು. ಟಪ್ ಎಂದು ಸಣ್ಣ ಸದ್ದು, ಆಮೇಲೆ ಆ ವಾಸನೆ, ಆಮೇಲೆ ಹೊಗೆಯ ಎಳೆ. ಅವಳ ಬಾಯಿ ತೆರೆದಿತ್ತು. ಮಾತು ಬಂದೇಬಿಟ್ಟಿತ್ತು, ಆಣೆ ಮಾಡಿ ಹೇಳಬಲ್ಲಳು, ಬಂದೇಬಿಟ್ಟಿತ್ತು. ಅಷ್ಟರಲ್ಲಿ ಮೇಷ್ಟ್ರು ಪರದೆಗೆ ಮುಖ ಹತ್ತಿರ ಮಾಡಿ, "ಗೆರೆ ನೋಡು ಎಲ್ಲಿದೆ" ಅಂದರು. "ತಿರುಗಿಸೋವಾಗ ಒತ್ತಿಬಿಟ್ಟಿದೀನಿ. ನನ್ನ ಕೈ. ನನ್ನ ಕೈಯೇ." ಹಾಗೆಂದು ಬಲಗೈಯನ್ನು ಯಾರೋ ಮೇಜಿನ ಮೇಲೆ ಮರೆತುಹೋದ ವಸ್ತುವಿನಂತೆ ನೋಡಿದರು. ಅವರು ಕಿಟಕಿ ತೆಗೆಯಲು ಎದ್ದಾಗ ಅವಳು ಡಬ್ಬಿಯನ್ನು ತನ್ನ ಕಡೆ ತಿರುಗಿಸಿಕೊಂಡು ಮಿತಿಯನ್ನು ಎರಡರಿಂದ ಅರ್ಧಕ್ಕೆ ಇಳಿಸಿದಳು. ಮೌನವಾಗಿದ್ದದ್ದನ್ನು ಗಾಬರಿ ಅಂದುಕೊಳ್ಳಬಹುದು. ಇದನ್ನು ಏನಂತ ಅಂದುಕೊಳ್ಳುವುದು? ಎರಡೇ ಎರಡು ಸೆಕೆಂಡಿನ ಕೆಲಸ, ಬೆರಳು ಒಂದಿಷ್ಟೂ ನಡುಗಲಿಲ್ಲ. ಯಜಮಾನ ಬಂದು ಬೈಯಲಿಲ್ಲ. "ವಯಸ್ಸಾಯ್ತು ಬಿಡಿ ಮೇಷ್ಟ್ರೇ, ಎಲ್ರಿಗೂ ಆಗೋದೇ" ಅಂದ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅವಳು ಕೈ ತೊಳೆಯಲು ಹಿಂದಿನ ಬೇಸಿನ್ನಿಗೆ ಹೋದಳು. ಅಲ್ಲಿ ಮೇಷ್ಟ್ರ ಸೋಪು ಹಾಗೇ ಇತ್ತು, ಒಣಗಿ ಬಿರುಕು ಬಿಟ್ಟಿತ್ತು. ಬೆಸುಗೆಯಲ್ಲಿ ಸೀಸ ಇರುತ್ತದೆ, ಸೀಸದ ಕೈಯಲ್ಲಿ ಎಳೆಕೂಸನ್ನು ಮುಟ್ಟಬಾರದು ಎಂದು ಮೂರು ತಿಂಗಳ ಹಿಂದೆ ಮೊಮ್ಮಗಳು ಹುಟ್ಟಿದಾಗಿನಿಂದ ದಿನಾ ಸಂಜೆ ಮೊಣಕೈವರೆಗೆ ಎರಡೆರಡು ಸಲ ತೊಳೆಯುತ್ತಿದ್ದರು. "ಏನ್ ಮೇಷ್ಟ್ರೇ, ಆಪರೇಷನ್ನಿಗೆ ಹೊರಟ್ರಾ?" ಎಂದು ಅವಳು ಛೇಡಿಸಿದರೆ, "ಅವಳು ನನ್ನ ಬೆರಳು ಹಿಡ್ಕೊಂಡು ಸೀದಾ ಬಾಯಿಗಿಟ್ಕೋತಾಳೆ ಕಣಮ್ಮಾ, ಕಳ್ಳಿ" ಅನ್ನುವಾಗ ಮುಖ ಇಷ್ಟಗಲವಾಗುತ್ತಿತ್ತು. ರಸೀದಿ ಬರೆಯುವ ಕೈಗೆ ಸೋಪು ಬೇಡ, ಅದಕ್ಕೇ ಒಣಗಿದೆ, ಎಂದುಕೊಂಡು ಅವಳು ಬರಿನೀರಲ್ಲಿ ಕೈ ತೊಳೆದು ಬಂದಳು.

ನಾಲ್ಕು ಗಂಟೆಗೆ ಮೇಷ್ಟ್ರ ಮಗಳು ಬಂದಳು, ಅಪ್ಪನನ್ನು ಕರೆದೊಯ್ಯಲು. ಹೆಗಲ ಮೇಲೆ ಆ ಕಳ್ಳಿ, ತಲೆ ನಿಲ್ಲಿಸಲು ಹೆಣಗುತ್ತ ಫ್ಯಾನನ್ನೇ ನೋಡುತ್ತಿತ್ತು. ಮಗಳು "ಅಪ್ಪಾ, ಒಂದು ನಿಮಿಷ ಹಿಡ್ಕೋ, ಚೀಲ ಜಾರ್ತಿದೆ" ಅಂದಳು. ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಇರು, ರಸೀದಿ ಪುಸ್ತಕ ಯಜಮಾನರಿಗೆ ಕೊಟ್ಟು ಬರ್ತೀನಿ" ಎಂದು ಒಳಕೋಣೆಗೆ ಹೋಗಿಬಿಟ್ಟರು. ರಸೀದಿ ಪುಸ್ತಕ ಕೌಂಟರಿನ ಮೇಲೇ ಇತ್ತು. ಮಗಳು ಅದನ್ನು ನೋಡಿದಳು, ಆಮೇಲೆ ಇವಳನ್ನು ನೋಡಿದಳು. ಇವಳು ಹೋಗಿ ಜಾರುತ್ತಿದ್ದ ಚೀಲ ಹಿಡಿದುಕೊಂಡಳು.

"ನೋಡಿದ್ರಲ್ಲ ಅಕ್ಕಾ. ಮೂರು ವಾರದಿಂದ ಹೀಗೇ. ಮುಂಚೆ ಮನೆಗೆ ಬಂದ್ರೆ ಮಗು ನನ್ನ ಕೈಗೇ ಸಿಗ್ತಿರ್ಲಿಲ್ಲ. ಈಗ ಮುಟ್ಟೋದೇ ಇಲ್ಲ. ತೊಟ್ಲು ತೂಗು ಅಂದ್ರೆ ಕಾಲಲ್ಲಿ ತೂಗ್ತಾರೆ. 'ಬೋರ್ಡು ಸುಟ್ಟ ಕೈ, ನಾಳೆ ಅವಳನ್ನ ಕೆಳಗೆ ಹಾಕ್ಬಿಡುತ್ತೆ' ಅಂತಾರೆ. ಡಾಕ್ಟ್ರು, ಇದೇನೂ ಅಲ್ಲ, ವಯಸ್ಸಿಗೆ ಬರೋ ನಡುಕ ಅಷ್ಟೆ ಅಂದ್ರು. ಡಾಕ್ಟ್ರ ಮಾತು ಕೇಳಲ್ಲ. ಕೈ ನಂಬೋ ಹಾಗಿಲ್ಲ, ಕೈ ನಂಬೋ ಹಾಗಿಲ್ಲ, ಇದೊಂದೇ ಜಪ. ನೀವಾದ್ರೂ ಸ್ವಲ್ಪ ಹೇಳಿ."

ನೀವಾದರೂ. ಅವಳು ಚೀಲವನ್ನು ಕೌಂಟರಿನ ಮೇಲಿಟ್ಟಳು. ಮಗು ಅವಳ ಕಡೆ ತಿರುಗಿ ಜೊಲ್ಲು ಸುರಿಸಿ ನಕ್ಕಿತು, ಅವಳಿಗೆ ಅದರ ಮುಖ ನೋಡಲಾಗಲಿಲ್ಲ. ಇಷ್ಟು ದಿನ ತಾನು ಕದ್ದದ್ದು ಒಂದು ಬೋರ್ಡಿನ ವಿಷಯ, ಹೆಚ್ಚೆಂದರೆ ಒಬ್ಬ ಮುದುಕರ ಕೊನೆಯ ವರ್ಷದ ನೌಕರಿ, ಹೇಗೂ ಬಿಡುವವರೇ ಇದ್ದರು ಎಂದೆಲ್ಲ ಸಮಾಧಾನ ಕಟ್ಟಿಕೊಂಡಿದ್ದಳು. ಕೈಯನ್ನೇ ಕದ್ದಿದ್ದೇನೆ ಎಂದು ಹೊಳೆದಿರಲಿಲ್ಲ. ಆದರೂ, ಆ ಗಳಿಗೆಯಲ್ಲೂ, ನೇರ ಬಾಯಿಬಿಟ್ಟು ಹೇಳದೆಯೇ ಹೇಳುವ ದಾರಿ ಯಾವುದಾದರೂ ಇದೆಯೇ ಎಂದು ಅವಳ ಬುದ್ಧಿ ಮೂಲೆ ಮೂಲೆ ತಡಕಿತು, ಮತ್ತು ಒಂದನ್ನು ಕಂಡುಕೊಂಡೂಬಿಟ್ಟಿತು. ಮೇಜಿಗೆ ಹೋಗಿ, ಡಬ್ಬಿಯ ವೈರುಗಳಿಗೆ ಏನೂ ಸಿಕ್ಕಿಸಿಲ್ಲ ಎಂದು ನೋಡಿಕೊಂಡು, ಗುಂಡಿಯನ್ನು ಒಂದು ಸಲ ಒತ್ತಿ ಗೆರೆಯನ್ನು ಮೊದಲ ಅಂಕಿಗೆ ತಂದಿಟ್ಟಳು. ಡಬ್ಬಿಯೇ ಹೇಳಲಿ. ಮೇಷ್ಟ್ರು ಒಂದು ಕ್ಲಿಕ್ ತಿರುಗಿಸುತ್ತಾರೆ, ಹದಿನೈದು ಕಾಣುತ್ತದೆ, ಗೆರೆ ಮೊದಲೇ ಅಲ್ಲಿತ್ತೆಂದು ತಿಳಿಯುತ್ತದೆ, ನಲವತ್ತು ವರ್ಷದ ಬುದ್ಧಿ, ಉಳಿದದ್ದನ್ನು ತಾನೇ ಕೂಡಿಸಿಕೊಳ್ಳುತ್ತದೆ.

ಮೇಷ್ಟ್ರು ಒಳಕೋಣೆಯಿಂದ ಬಂದರು. ಬಟ್ಟೆಯಲ್ಲಿ ಸುತ್ತಿಟ್ಟ ಸಲಕರಣೆಗಳನ್ನು ಮೇಜಿನ ಮೇಲಿಟ್ಟರು. ಚಿಮಟ, ಎರಡು ಇಕ್ಕಳ, ತುದಿ ಸವೆದ ಬೆಸುಗೆ ಕಡ್ಡಿ. "ಇವೆಲ್ಲ ನಿನ್ನವು. ಕಡ್ಡಿ ಹಳೇದು, ಆದ್ರೆ ಬೇಗ ಕಾಯುತ್ತೆ."

"ಮೇಷ್ಟ್ರೇ, ಹೋಗೋ ಮುಂಚೆ ಒಂದ್ಸಲ ಡಬ್ಬಿನ ಮಾತಾಡಿಸಿ."

"ಬೇಡಮ್ಮಾ."

"ಏನೂ ಸಿಕ್ಸಿಲ್ಲ ಅದಕ್ಕೆ. ಸುಮ್ನೆ. ನನಗೋಸ್ಕರ."

ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಗುಂಡಿಗೆ ಎರಡು ಬೆರಳು ತಾಗಿಸಿ, ಒಂದು ಕ್ಲಿಕ್ ತಿರುಗಿಸಿದರು. 15.00. ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ನೋಡ್ದ್ಯಾ? ಮತ್ತೆ ಒತ್ತಿಬಿಟ್ಟೆ. ನನಗೆ ಗೊತ್ತೇ ಆಗಲ್ಲ ನೋಡು, ಒತ್ತಿದ್ದು ಬೆರಳಿಗೆ ಗೊತ್ತೇ ಆಗಲ್ಲ." ಅವರ ದನಿಯಲ್ಲಿ ಅಳುವಿರಲಿಲ್ಲ, ಒಂದು ಪರೀಕ್ಷೆಯ ಫಲಿತಾಂಶ ಓದಿದಂತಿತ್ತು. "ಒಳ್ಳೇದಾಯ್ತು ಬಿಡು. ಅನುಮಾನ ಇತ್ತು ಒಂಚೂರು, ಅದೂ ಹೋಯ್ತು."

ಅವಳಿಗೆ ತನ್ನ ಜಾಣತನದ ಮೇಲೆ ಉಗುಳಬೇಕೆನಿಸಿತು. ಇಷ್ಟು ಹೊತ್ತೂ ಅವರಲ್ಲಿ ಒಂದು ಚೂರು ಉಳಿದಿತ್ತು. ಈಗ ಅದನ್ನೂ ತಾನೇ ಕಿತ್ತುಕೊಂಡಳು.

"ನೀವು ಒತ್ತಲಿಲ್ಲ. ನಾನು ಈಗ ಗೆರೆ ಅಲ್ಲಿ ಇಟ್ಟೆ. ಆ ದಿನಾನೂ ನಾನೇ ಇಟ್ಟಿದ್ದು." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಬೆಳಿಗ್ಗೆ ಬಂದು ಮನೆ ಬ್ಯಾಟರಿ ಚಾರ್ಜ್ ಮಾಡ್ತಿದ್ದೆ. ನೀವು ಬಂದ್ರಿ ಅಂತ ಅವಸರದಲ್ಲಿ ಐದಕ್ಕೆ ತಂದೆ, ಗೆರೆ ಸರಿ ಮಾಡ್ಲಿಲ್ಲ. ನಿಮ್ಮ ಕೈ ಒಂದೇ ಕ್ಲಿಕ್ ತಿರುಗಿಸಿದ್ದು ಮೇಷ್ಟ್ರೇ. ಸರಿಯಾಗೇ ತಿರುಗಿಸ್ತು."

ಮೇಷ್ಟ್ರು ಅವಳನ್ನು ನೋಡಿದರು. ಆಮೇಲೆ, ಅವಳು ನಿರೀಕ್ಷಿಸದೇ ಇದ್ದದ್ದು, ನಕ್ಕರು. ಮಕ್ಕಳು ಸುಳ್ಳು ಹೇಳಿದಾಗ ದೊಡ್ಡವರು ನಗುವ ನಗು.

"ನನ್ನ ಮಗಳು ಹೇಳ್ಕೊಟ್ಳಾ? ಬೇಡ ಕಣಮ್ಮಾ. ನನಗೋಸ್ಕರ ನೀನ್ಯಾಕೆ ತಪ್ಪು ಹೊತ್ಕೋತೀಯ. ದೊಡ್ಡ ಮನಸ್ಸು ನಿಂದು."

ದೊಡ್ಡ ಮನಸ್ಸು. ಈ ಎರಡು ಪದಗಳ ಹಿಂದೆ ಅವಳು ಈಗಲೂ ಅಡಗಿಕೊಳ್ಳಬಹುದಿತ್ತು, ಹೇಳಿದ ಪುಣ್ಯವೂ ಬರುತ್ತಿತ್ತು, ಶಿಕ್ಷೆಯೂ ತಪ್ಪುತ್ತಿತ್ತು. ಮೇಜಿನ ಅಂಚು ಹಿಡಿದುಕೊಂಡಳು.

"ಮಿತಿ ಎರಡು ಆಂಪಿಯರಿಗೆ ಇತ್ತು" ಅಂದಳು. "ಬ್ಯಾಟರಿಗೆ ಅಂತ ನಾನು ಎರಡಕ್ಕೆ ಇಟ್ಟಿದ್ದೆ. ಹೊಗೆ ಬಂದಾಗ ನೀವು ಕಿಟಕಿ ತೆಗೆಯೋಕೆ ಹೋದ್ರಲ್ಲ, ಆಗ ಅರ್ಧಕ್ಕೆ ಇಳಿಸಿದೆ. ನೀವು ತಿರುಗಿ ಬರೋದ್ರೊಳಗೆ."

ನಗು ಮುಖದ ಮೇಲೆ ಸ್ವಲ್ಪ ಹೊತ್ತು ಇದ್ದು, ಯಾರೂ ಕರೆಯದ ಅತಿಥಿಯಂತೆ ಮೆಲ್ಲಗೆ ಎದ್ದು ಹೋಯಿತು. ಮೇಷ್ಟ್ರು ಕುರ್ಚಿ ಎಳೆದು ಕೂತರು.

"ನಾಲ್ಕು ಚಿಪ್" ಅಂದರು ಸಣ್ಣ ದನಿಯಲ್ಲಿ. "ನಾಲ್ಕೂ ಹೋಗಿದ್ವು, ಬೋರ್ಡು ಕಪ್ಪಾಗಿತ್ತು. ಅರ್ಧ ಆಂಪಿಯರಿಗೆ ಅಷ್ಟು ಸುಡಲ್ಲ. ಸುಡೋಕೆ ಸಾಧ್ಯ ಇಲ್ಲ ಅಂತ ದಿನಾ ಲೆಕ್ಕ ಹಾಕ್ತಿದ್ದೆ. ಲೆಕ್ಕಾನೂ ಮರೀತಾ ಇದೀನಿ, ತಲೇನೂ ಹೋಯ್ತು ಅಂದ್ಕೊಂಡೆ."

ಅವಳು ಕಾಲಿಗೆ ಬೀಳಬೇಕೆಂದುಕೊಂಡಳು, ಬೀಳಲಿಲ್ಲ. ಅದೂ ಒಂದು ನಾಟಕವಾದೀತು ಎನ್ನಿಸಿತು. ಕೌಂಟರಿನ ಬಳಿ ಮಗಳು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದಳು. ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಚಲಿಸುತ್ತ ಕೀಂಯ್ ಕೀಂಯ್ ಅನ್ನುತ್ತಿತ್ತು. ಮೇಷ್ಟ್ರು ಎಡಗೈಯನ್ನು ಬಲ ಮಣಿಕಟ್ಟಿನಿಂದ ತೆಗೆದರು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಗುಂಡಿಯನ್ನು ಒಂದು ಕ್ಲಿಕ್ ಕೆಳಗಿಳಿಸಿದರು. ಐದು. ಆಮೇಲೆ ಒತ್ತಿ, ಒತ್ತಿ, ಮತ್ತೊಮ್ಮೆ ಒತ್ತಿ ಗೆರೆಯನ್ನು ಕೊನೆಯ ಅಂಕಿಗೆ ತಂದರು. ಒಂದು ಕ್ಲಿಕ್ ಮೇಲೆ. 5.01. ಒಂದು ಕ್ಲಿಕ್ ಕೆಳಗೆ. 5.00. ಕೈ ನಡುಗುತ್ತಿತ್ತು, ಅಂಕಿ ನಡುಗಲಿಲ್ಲ. ಇನ್ನೊಂದು ಸಲ ಮಾಡಿದರು. ಹತ್ತು ಸಲ ಮಾಡಿದರೇನೋ, ಅವಳು ಎಣಿಸಲಿಲ್ಲ.

"ಯಜಮಾನರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಇವತ್ತೇ."

"ಇವತ್ತೇ, ಮೇಷ್ಟ್ರೇ."

ಅವರು ಸಲಕರಣೆಗಳ ಬಟ್ಟೆಯನ್ನು ಮತ್ತೆ ಸುತ್ತಿದರು, ಚಿಮಟವನ್ನೂ ಸೇರಿಸಿ, ನಿಧಾನವಾಗಿ, ಒಂದೊಂದು ಮಡಿಕೆಯನ್ನೂ ನೇರ ಮಾಡುತ್ತ. ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅವಳ ಮುಖ ನೋಡಲಿಲ್ಲ. ಬೈಯಲಿಲ್ಲ, ಹೋಗಲಿ ಬಿಡು ಅನ್ನಲಿಲ್ಲ. ಅವೆರಡರಲ್ಲಿ ಒಂದಾದರೂ ಸಿಗುತ್ತದೆಂದು ಕಾದು ನಿಂತಿದ್ದವಳನ್ನು ದಾಟಿ ಹಿಂದಿನ ಬೇಸಿನ್ನಿಗೆ ಹೋದರು. ನಲ್ಲಿ ತಿರುಗಿದ ಸದ್ದಾಯಿತು. ಒಣಗಿದ ಸೋಪು ಸುಲಭಕ್ಕೆ ನೊರೆ ಕೊಡಲಿಲ್ಲವೆಂದು ಕಾಣುತ್ತದೆ, ಉಜ್ಜುವ ಸದ್ದು ಬಹಳ ಹೊತ್ತು ಕೇಳಿತು. ಮೊಣಕೈವರೆಗೆ ಒಂದು ಸಲ ತೊಳೆದು ನಲ್ಲಿ ನಿಲ್ಲಿಸಿದರು, ಮತ್ತೆ ತಿರುಗಿಸಿ ಇನ್ನೊಂದು ಸಲ ತೊಳೆದರು. ರಸೀದಿ ಬಿಟ್ಟರೆ ಏನನ್ನೂ ಮುಟ್ಟದ ಕೈಯನ್ನು ಅವರು ಹಾಗೆ ತೊಳೆಯುವುದನ್ನು ಅವಳು ಡಬ್ಬಿಯ ಪಕ್ಕ ನಿಂತು ಕೇಳಿಸಿಕೊಂಡಳು. ಕಣ್ಣು ತುಂಬಿತು, ಒರೆಸಿಕೊಳ್ಳುವ ಹಕ್ಕು ತನಗಿಲ್ಲವೆಂದು ಹಾಗೇ ಬಿಟ್ಟಳು.

ಮೇಷ್ಟ್ರು ಪಂಚೆಯ ತುದಿಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದರು. ಕೌಂಟರಿನ ಮುಂದೆ ನಿಂತು ಎರಡೂ ಕೈ ಚಾಚಿದರು.

"ಕೊಡು ಇಲ್ಲಿ" ಅಂದರು ಮಗಳಿಗೆ.